ನಿದ್ದೆ ಮಾತ್ರೆಯಿಂದ ಮಾರ್ಫಿನ್‌ವರೆಗೆ: ಡಾಕ್ಟರ ಚೀಟಿಯ ಹಿಂದಿರುವ ಕಾನೂನು

ಮೆಡಿಕಲ್ ಶಾಪಿನ ಕೌಂಟರಿನಲ್ಲಿ ದಿನವೂ ನಡೆಯುವ ಜಗಳವೊಂದಿದೆ. “ಹೋದ ತಿಂಗಳು ಇದೇ ಚೀಟಿಗೆ ಕೊಟ್ರಲ್ಲ, ಈಗ್ಯಾಕೆ ಆಗಲ್ಲ ಅಂತೀರಿ?” ಎಂದು ಗಿರಾಕಿ ಕೇಳುತ್ತಾರೆ. “ಇದು ಮುಗಿದಿರೋ ಚೀಟಿ ಸರ್, ಹೊಸದು ಬರೆಸ್ಕೊಂಡು ಬನ್ನಿ” ಎಂದು ಅಂಗಡಿಯವರು ಹೇಳುತ್ತಾರೆ. ಅದೇ ಮಾತ್ರೆ ಮುಂದಿನ ಬೀದಿಯಲ್ಲಿ ಚೀಟಿಯೇ ಇಲ್ಲದೆ ಸಿಕ್ಕಿಬಿಟ್ಟರಂತೂ ನಿಯಮ ಪಾಲಿಸಿದ ಅಂಗಡಿಯವರೇ ಕೆಟ್ಟವರಾಗುತ್ತಾರೆ. ಎರಡೂ ಕಡೆಯವರು ಹೊತ್ತಿರುವ ಈ ಸಿಟ್ಟಿಗೆ ಕಾರಣ, ನಿಯಮ ಏನೆಂದು ಯಾರೂ ನಮಗೆ ಬಿಡಿಸಿ ಹೇಳದಿರುವುದು. ಆ ನಿಯಮಗಳನ್ನು ಒಮ್ಮೆ ಓದಿ ನೋಡಿದರೆ ತಿಳಿಯುತ್ತದೆ: ಅವು ಅಂಗಡಿಯವರ ಕೈ ಕಟ್ಟಿರುವಷ್ಟೇ ರೋಗಿಯ ಕೈಗೆ ಬಲವನ್ನೂ ಕೊಟ್ಟಿವೆ. ಸರಿಯಾಗಿ ಬರೆಸಿಕೊಂಡ ಚೀಟಿ ನಿಮ್ಮ ಹಕ್ಕುಪತ್ರ.

ಮೊದಲು ಮಾತ್ರೆಯ ಸ್ಟ್ರಿಪ್ಪನ್ನೇ ಕೈಗೆ ತೆಗೆದುಕೊಳ್ಳಿ. ಹಿಂಬದಿಯ ಬೆಳ್ಳಿ ಹಾಳೆಯ ಎಡ ಮೂಲೆಯಲ್ಲಿ ಒಂದು ಗುರುತಿರುತ್ತದೆ. ಬರೀ ‘ಆರ್‌ಎಕ್ಸ್’ ಇದ್ದು ಷೆಡ್ಯೂಲ್ ಎಚ್ ಎಂಬ ಎಚ್ಚರಿಕೆಯಿದ್ದರೆ ಅದು ವೈದ್ಯರ ಚೀಟಿಯ ಮೇಲಷ್ಟೇ ಮಾರಬೇಕಾದ ಮದ್ದು. ಬಿಪಿ, ಸಕ್ಕರೆ ಕಾಯಿಲೆಯ ಬಹುಪಾಲು ಮಾತ್ರೆಗಳು ಈ ಗುಂಪಿನವು. ಕೆಂಪು ಚೌಕಟ್ಟಿನೊಳಗೆ ಎಚ್ಚರಿಕೆ ಅಚ್ಚಾಗಿದ್ದರೆ ಅದು ಷೆಡ್ಯೂಲ್ ಎಚ್1. ಕೆಂಪಕ್ಷರದಲ್ಲಿ ‘ಎನ್‌ಆರ್‌ಎಕ್ಸ್’ ಎಂದಿದ್ದರೆ ಆ ಮದ್ದು 1985ರ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೂ ಬರುತ್ತದೆ. ‘ಎಕ್ಸ್‌ಆರ್‌ಎಕ್ಸ್’ ಎಂದಿದ್ದರೆ ಷೆಡ್ಯೂಲ್ ಎಕ್ಸ್, ಎಲ್ಲಕ್ಕಿಂತ ಬಿಗಿಯಾದ ಪಟ್ಟಿ. ಮನೆಯ ಔಷಧಿ ಡಬ್ಬಿಯಲ್ಲಿರುವ ಸ್ಟ್ರಿಪ್ಪುಗಳನ್ನೆಲ್ಲ ಒಮ್ಮೆ ಹೀಗೆ ತಿರುವಿ ನೋಡಿ. ಅಜ್ಜಿ ರಾತ್ರಿ ನುಂಗುವ ಪುಟ್ಟ ಮಾತ್ರೆಯ ಮೇಲೆ ಎನ್‌ಆರ್‌ಎಕ್ಸ್ ಗುರುತಿರುವುದು ಎಷ್ಟೋ ಮನೆಗಳಲ್ಲಿ ಅಂದೇ ಗೊತ್ತಾಗುತ್ತದೆ.

ಎಚ್1 ಪಟ್ಟಿ ಜಾರಿಗೆ ಬಂದದ್ದು 2014ರ ಮಾರ್ಚ್ 1ರಂದು. ಆಗ ಅದರಲ್ಲಿದ್ದದ್ದು 46 ಮದ್ದುಗಳು. ಹೆಚ್ಚಿನವು ಸೆಫಿಕ್ಸಿಮ್, ಮೆರೋಪೆನೆಮ್‌ನಂಥ ಆ್ಯಂಟಿಬಯಾಟಿಕ್‌ಗಳು ಮತ್ತು ಕ್ಷಯದ ಮಾತ್ರೆಗಳು. ಉಳಿದವು ಚಟ ಹಿಡಿಸಬಲ್ಲವು: ಆಲ್‌ಪ್ರಜೋಲಾಮ್, ಡಯಾಜಪಾಮ್, ನೈಟ್ರಜಪಾಮ್, ಜೋಲ್ಪಿಡೆಮ್, ಕೊಡೀನ್, ಟ್ರಮಡಾಲ್, ಪೆಂಟಜೋಸಿನ್ ಮುಂತಾದವು. ಇವನ್ನು ಮಾರುವಾಗ ಅಂಗಡಿಯವರು ಬೇರೆಯದೇ ರಿಜಿಸ್ಟರಿನಲ್ಲಿ ಬರೆಯಬೇಕು: ಬರೆದ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಮದ್ದಿನ ಹೆಸರು, ಕೊಟ್ಟ ಪ್ರಮಾಣ. ಆ ರಿಜಿಸ್ಟರನ್ನು 3 ವರ್ಷ ಜೋಪಾನ ಮಾಡಿ, ಡ್ರಗ್ ಇನ್‌ಸ್ಪೆಕ್ಟರ್ ಕೇಳಿದಾಗ ತೋರಿಸಬೇಕು. ಟ್ರಮಡಾಲ್ ಎಂಬ ನೋವಿನ ಮಾತ್ರೆ 2018ರ ಏಪ್ರಿಲ್‌ನಲ್ಲಿ ಎನ್‌ಡಿಪಿಎಸ್ ಪಟ್ಟಿಗೂ ಸೇರಿತು. ಮೊಣಕಾಲು ನೋವಿಗೆ ವರ್ಷಗಟ್ಟಲೆ ಅದನ್ನು ಬಿಡಿಯಾಗಿ ಕೊಳ್ಳುತ್ತಿದ್ದವರಿಗೆ ಅಂಗಡಿಯವರು ಒಮ್ಮೆಗೇ ‘ಇಲ್ಲ’ ಎನ್ನತೊಡಗಿದ್ದರ ಹಿನ್ನೆಲೆ ಇದು. ನಿಮ್ಮ ಹೆಸರು ಕೇಳಿ ಬರೆದುಕೊಂಡರೆ ಅದು ಅನುಮಾನವಲ್ಲ, ಅವರ ಲೈಸೆನ್ಸಿನ ಷರತ್ತು.

ಚೀಟಿಯಲ್ಲಿ ಏನಿರಬೇಕು

ಔಷಧ ನಿಯಮಗಳಲ್ಲಿ 65ನೆಯ ನಿಯಮ ಎಂಬುದೊಂದಿದೆ. ಮೆಡಿಕಲ್ ಶಾಪಿನ ಇಡೀ ವ್ಯವಹಾರ ನಿಂತಿರುವುದು ಅದರ ಮೇಲೆ. ಅದರ ಪ್ರಕಾರ ಚೀಟಿ ಬರಹದಲ್ಲಿರಬೇಕು, ವೈದ್ಯರ ರೂಢಿಯ ಸಹಿ ಮತ್ತು ತಾರೀಖು ಇರಬೇಕು, ರೋಗಿಯ ಹೆಸರಿನ ಜೊತೆಗೆ ವಿಳಾಸ ಇರಬೇಕು, ಒಟ್ಟು ಎಷ್ಟು ಮದ್ದು ಕೊಡಬೇಕು ಮತ್ತು ಒಂದು ಹೊತ್ತಿಗೆ ಎಷ್ಟು ಎಂಬುದು ಇರಬೇಕು. ನಮ್ಮ ಊರುಗಳ ಬಹುತೇಕ ಚೀಟಿಗಳಲ್ಲಿ ವಿಳಾಸವೂ ಇರುವುದಿಲ್ಲ, ಒಟ್ಟು ಪ್ರಮಾಣವೂ ಇರುವುದಿಲ್ಲ. ‘ರಾತ್ರಿ ಒಂದು’ ಎಂದಷ್ಟೇ ಇರುತ್ತದೆ. ಎಷ್ಟು ದಿನ? ಅಂಗಡಿಯವರು ಊಹಿಸುವ ಹಾಗಿಲ್ಲ. ವೈದ್ಯರ ಮುಂದೆ ಕೂತಿರುವಾಗಲೇ “ಡಾಕ್ಟ್ರೇ, ಎಷ್ಟು ಮಾತ್ರೆ ಅಂತ ಲೆಕ್ಕ ಬರೆದುಬಿಡಿ” ಎಂದು ಕೇಳಿ. ಆಮೇಲೆ ಕೌಂಟರಿನಲ್ಲಿ ಅರ್ಧ ಗಂಟೆ ವಾದ ಮಾಡುವುದು ತಪ್ಪುತ್ತದೆ. ವೈದ್ಯರ ನೋಂದಣಿ ಸಂಖ್ಯೆ ಚೀಟಿಯಲ್ಲಿರಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯೇ ಹೇಳಿದೆ. ನಮ್ಮ ರಾಜ್ಯದಲ್ಲಿ ಅದು ಸಾಮಾನ್ಯವಾಗಿ ಕೆಎಂಸಿ, ಅಂದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನಂಬರ್. ನಿದ್ದೆ ಮಾತ್ರೆಯ ಚೀಟಿಯಲ್ಲಿ ಅಂಗಡಿಯವರು ಮೊದಲು ಹುಡುಕುವುದು ಆ ನಂಬರನ್ನೇ.

ಇನ್ನು ಜಗಳದ ಮೂಲಕ್ಕೆ ಬರೋಣ. ಮತ್ತೆ ಕೊಡಬಹುದು ಎಂದು ವೈದ್ಯರು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಮದ್ದು. ಇದು ಅದೇ 65ನೆಯ ನಿಯಮದ ಮಾತು. ಇಷ್ಟು ಸಲ, ಇಷ್ಟು ದಿನಕ್ಕೊಮ್ಮೆ ಎಂದು ಬರೆದಿದ್ದರೆ ಅಷ್ಟೇ ಸಲ, ಅಷ್ಟೇ ದಿನಕ್ಕೊಮ್ಮೆ. ಮದ್ದು ಕೊಟ್ಟ ಮೇಲೆ ಅಂಗಡಿಯವರು ಚೀಟಿಯ ಮೇಲೆ, ವೈದ್ಯರ ಸಹಿಗಿಂತ ಮೇಲ್ಗಡೆ, ತಮ್ಮ ಅಂಗಡಿಯ ಹೆಸರು, ವಿಳಾಸ ಮತ್ತು ತಾರೀಖು ನಮೂದಿಸಬೇಕು. ಕೆಲವರು ಸೀಲು ಹೊಡೆಯುವುದನ್ನು ಕಂಡು ‘ಚೀಟಿ ಕೆಡಿಸಿಬಿಟ್ರು’ ಎಂದು ರೇಗುತ್ತಾರೆ. ಆ ಸೀಲು ಇರಲೇಬೇಕಾದದ್ದು. ಬಿಪಿ ಮಾತ್ರೆಯ ವಿಷಯದಲ್ಲಿ ಈ ನಿಯಮ ಸಡಿಲವಾಗಿ ನಡೆಯುತ್ತಿದೆ ನಿಜ. ಎನ್‌ಆರ್‌ಎಕ್ಸ್ ಗುರುತಿನ ಮದ್ದಿಗೆ ಮಾತ್ರ ಎಚ್ಚರದ ಅಂಗಡಿಯವರು ಸಡಿಲ ಬಿಡುವುದಿಲ್ಲ, ಬಿಡಲೂಬಾರದು. ದೀರ್ಘಕಾಲದ ಕಾಯಿಲೆಯಾದರೆ ‘3 ತಿಂಗಳು, ತಿಂಗಳಿಗೊಮ್ಮೆ 30 ಮಾತ್ರೆ’ ಎಂದು ಬರೆಸಿಕೊಳ್ಳಿ. ಈ ಒಂದು ಸಾಲು ಬರೆಯಲು ವೈದ್ಯರಿಗೆ ಹತ್ತು ಸೆಕೆಂಡು ಸಾಕು.

ಕೈಯಲ್ಲಿ ಎಷ್ಟು ಇಟ್ಟುಕೊಳ್ಳಬಹುದು ಎಂಬುದಕ್ಕೂ ಲೆಕ್ಕವಿದೆ. ಎನ್‌ಡಿಪಿಎಸ್ ನಿಯಮಗಳ 66ನೆಯ ನಿಯಮದ ಪ್ರಕಾರ ಮನಸ್ಸಿನ ಮೇಲೆ ಪರಿಣಾಮ ಬೀರುವ ಮದ್ದುಗಳ ಪಟ್ಟಿಯಲ್ಲಿರುವುದನ್ನು ಒಬ್ಬ ವ್ಯಕ್ತಿ ಸ್ವಂತ ಚಿಕಿತ್ಸೆಗೆಂದು ಒಮ್ಮೆಗೆ 100 ಮಾತ್ರೆಯವರೆಗೆ ಇಟ್ಟುಕೊಳ್ಳಬಹುದು. ದೀರ್ಘಕಾಲದ ಚಿಕಿತ್ಸೆಗೆಂದು ವೈದ್ಯರು ನಿರ್ದಿಷ್ಟವಾಗಿ ಬರೆದಿದ್ದರೆ 300ರವರೆಗೆ. ಆರು ತಿಂಗಳದ್ದು ಒಟ್ಟಿಗೆ ತಂದಿಟ್ಟುಕೊಳ್ಳೋಣ ಎನ್ನುವವರು ಈ ಅಂಕಿಗಳನ್ನು ನೆನಪಿಡಬೇಕು.

ಇನ್ನೊಂದು ಮಾತು. “ಆ ಕಂಪನಿದು ಇಲ್ಲ, ಇದೂ ಅದೇ, ತಗೊಳ್ಳಿ” ಎಂಬುದನ್ನು ಎಲ್ಲರೂ ಕೇಳಿರುತ್ತೀರಿ. ಷೆಡ್ಯೂಲ್ ಎಚ್ ಮತ್ತು ಎಕ್ಸ್ ಮದ್ದುಗಳಲ್ಲಿ ವೈದ್ಯರು ಬರೆದದ್ದರ ಬದಲಿಗೆ ಬೇರೊಂದನ್ನು, ಒಳಗಿನ ಮದ್ದು ಒಂದೇ ಆಗಿದ್ದರೂ, ಅಂಗಡಿಯವರು ತಾವೇ ಕೊಡುವಂತಿಲ್ಲ. ವೈದ್ಯರು ಕಂಪನಿಯ ಹೆಸರಿನ ಬದಲು ಮದ್ದಿನ ಮೂಲ ಹೆಸರನ್ನೇ ಬರೆದರೆ ಈ ತೊಡಕೇ ಇರದು. ಹಾಗೆ ಬರೆಯಿರಿ, ಓದಲು ಬರುವಂತೆ ಬರೆಯಿರಿ ಎಂದು 2016ರಿಂದಲೂ ವೈದ್ಯರಿಗೆ ನಿಯಮವಿದೆ. ಇಲ್ಲವಾದರೆ ಅಂಗಡಿಯಿಂದಲೇ ವೈದ್ಯರಿಗೆ ಫೋನು ಮಾಡಿಸಿ, ಚೀಟಿಯನ್ನು ತಿದ್ದಿಸಿಕೊಂಡು ಬನ್ನಿ.

ಊರು ಬದಲಾದಾಗ

ನಮ್ಮ ದೇಶದಲ್ಲಿ ಚೀಟಿಯನ್ನು ಒಂದು ಅಂಗಡಿಯಿಂದ ಇನ್ನೊಂದಕ್ಕೆ ವರ್ಗಾಯಿಸುವ ಏರ್ಪಾಡಿಲ್ಲ. ಚೀಟಿ ಇರುವುದು ರೋಗಿಯ ಕೈಯಲ್ಲಿ. ಅವರು ಹೋದಲ್ಲಿಗೆ ಅದೂ ಹೋಗುತ್ತದೆ. ಬೆಂಗಳೂರಿನಲ್ಲಿ ಬರೆಸಿದ್ದನ್ನು ಬೆಳಗಾವಿಯಲ್ಲಿ ಕೊಳ್ಳಬಹುದು. ಕಾಸರಗೋಡಿನವರು ಮಂಗಳೂರಿಗೆ ಬಂದು ತೋರಿಸಿ ಊರಿಗೆ ಹೋಗಿ ಮಾತ್ರೆ ಕೊಳ್ಳುವುದು ದಿನದ ಮಾತು. ಬೇರೆ ರಾಜ್ಯದ ನೋಂದಾಯಿತ ವೈದ್ಯರ ಚೀಟಿಯೂ ಚೀಟಿಯೇ. ಆದರೂ ಗುರುತಿಲ್ಲದ ಊರಿನ ಅಂಗಡಿಯವರು ನಿದ್ದೆ ಮಾತ್ರೆಗೆ ಹಿಂಜರಿದರೆ ಬೇಸರಪಡಬೇಡಿ. ನಕಲಿ ಚೀಟಿಗಳ ಕಾಟ ಅವರಿಗಿದೆ. ಹಿಂದಿನ ಬಿಲ್ಲು, ಆಸ್ಪತ್ರೆಯ ಫೈಲು ಜೊತೆಗಿದ್ದರೆ ಮಾತು ಸುಲಭವಾಗುತ್ತದೆ. ಬಿಲ್ಲಿನಲ್ಲಿ ವೈದ್ಯರ ಹೆಸರು, ರೋಗಿಯ ಹೆಸರು, ಬ್ಯಾಚ್ ನಂಬರ್, ಅವಧಿ ಮುಗಿಯುವ ತಾರೀಖು ಇವೆಯೇ ನೋಡಿಕೊಳ್ಳಿ. ಬಿಲ್ಲು ಬೇಡ ಎಂದು ಹತ್ತು ರೂಪಾಯಿ ಉಳಿಸಲು ಹೋಗಬೇಡಿ. ಈ ಮದ್ದುಗಳ ವಿಷಯದಲ್ಲಿ ಬಿಲ್ಲೇ ನಿಮ್ಮ ಸಾಕ್ಷಿ. 30 ಬರೆದಿದ್ದು ಅಂಗಡಿಯಲ್ಲಿ 10 ಮಾತ್ರ ಇದ್ದರೆ, ‘10 ಕೊಟ್ಟಿದೆ’ ಎಂದು ಚೀಟಿಯ ಮೇಲೆ ಬರೆಸಿಕೊಳ್ಳಿ. ಉಳಿದ 20ಕ್ಕೆ ಇನ್ನೊಂದು ಅಂಗಡಿಯಲ್ಲಿ ತಕರಾರು ಬರುವುದು ಕಡಿಮೆ.

ಷೆಡ್ಯೂಲ್ ಎಕ್ಸ್ ಬೇರೆಯೇ ಲೋಕ. ಅದನ್ನು ಮಾರಲು ಅಂಗಡಿಗೆ 20ಎಫ್ ಎಂಬ ಪ್ರತ್ಯೇಕ ಲೈಸೆನ್ಸ್ ಬೇಕು. ಹೆಚ್ಚಿನ ಅಂಗಡಿಗಳು ಆ ಗೋಜಿಗೇ ಹೋಗಿಲ್ಲ. ಮದ್ದನ್ನು ಅದಕ್ಕೆಂದೇ ಮೀಸಲಾದ ಬೀರುವಿನಲ್ಲಿ ಬೀಗ ಹಾಕಿಡಬೇಕು. ವೈದ್ಯರು ಎರಡು ಪ್ರತಿ ಬರೆಯಬೇಕು, ಅದರಲ್ಲೊಂದನ್ನು ಅಂಗಡಿಯವರು 2 ವರ್ಷ ಇಟ್ಟುಕೊಳ್ಳಬೇಕು. ಏಕಾಗ್ರತೆಯ ಕೊರತೆ, ಅತಿ ಚಟುವಟಿಕೆ ಇರುವ ಮಕ್ಕಳಿಗೆ ಕೊಡುವ ಮಿಥೈಲ್‌ಫೆನಿಡೇಟ್ ಈ ಪಟ್ಟಿಯಲ್ಲಿದೆ. ತಾಯ್ತಂದೆಯರು ಊರಿನ ಅಂಗಡಿಗಳನ್ನೆಲ್ಲ ಸುತ್ತಿ ಬರಿಗೈಯಲ್ಲಿ ಬರುವ ಮೊದಲು ಬರೆದ ವೈದ್ಯರನ್ನೇ ‘ಇದು ಎಲ್ಲಿ ಸಿಗುತ್ತದೆ’ ಎಂದು ಕೇಳಿಬಿಡುವುದು ಒಳ್ಳೆಯದು. ಮಾತ್ರೆ ಮುಗಿಯುವ ಒಂದು ವಾರ ಮೊದಲೇ ಹೊರಡಿ. ಫೋನ್, ವಿಡಿಯೊ ಮೂಲಕ ಹೊಸ ಚೀಟಿ ಪಡೆಯೋಣವೆಂದರೆ, 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ಷೆಡ್ಯೂಲ್ ಎಕ್ಸ್ ಮದ್ದುಗಳನ್ನೂ ಎನ್‌ಡಿಪಿಎಸ್ ಪಟ್ಟಿಯವನ್ನೂ ನಿಷಿದ್ಧ ಪಟ್ಟಿಗೆ ಹಾಕಿತು.

ಸಮುದ್ರದಾಚೆಯ ಕನ್ನಡಿಗರಿಗೆ

ಅಂಗಡಿಯಿಂದ ಅಂಗಡಿಗೆ ಚೀಟಿ ವರ್ಗಾವಣೆ ಎಂಬ ಪದ್ಧತಿ ಅಮೆರಿಕದಲ್ಲಿದೆ. ಅಲ್ಲಿ ವೈದ್ಯರು ಚೀಟಿಯನ್ನು ಕಂಪ್ಯೂಟರಿನಿಂದಲೇ ನೇರ ಅಂಗಡಿಗೆ ಕಳಿಸುತ್ತಾರೆ; ಕೈಗೆ ಕಾಗದ ಬರುವುದೇ ಅಪರೂಪ. ನಿಯಂತ್ರಿತ ಮದ್ದುಗಳಿಗೆ ಅಲ್ಲಿ ಒಂದರಿಂದ ಐದರವರೆಗೆ ಪಟ್ಟಿಗಳು. ಎರಡನೆಯ ಪಟ್ಟಿಯ ಮದ್ದಿಗೆ ಮರುಪೂರೈಕೆಯೇ ಇಲ್ಲ, ಪ್ರತಿ ಸಲವೂ ಹೊಸ ಚೀಟಿ. ಮೂರು ಮತ್ತು ನಾಲ್ಕನೆಯ ಪಟ್ಟಿಯವಕ್ಕೆ 6 ತಿಂಗಳೊಳಗೆ 5 ಸಲ ಮರುಪೂರೈಕೆ.

2022ರ ಅಕ್ಟೋಬರಿನಲ್ಲಿ ಅಲ್ಲಿನ ಔಷಧ ಆಡಳಿತ ಸಂಸ್ಥೆ, ಏಕಾಗ್ರತೆಯ ಕೊರತೆಗೆ ಕೊಡುವ ಎರಡನೆಯ ಪಟ್ಟಿಯ ಮದ್ದಾದ ಆ್ಯಡರಾಲ್ ಕೊರತೆಯನ್ನು ಘೋಷಿಸಿದಾಗ ಈ ವ್ಯವಸ್ಥೆಯ ಕಷ್ಟ ಎಲ್ಲರಿಗೂ ತಟ್ಟಿತು. ಚೀಟಿ ಹೋದ ಅಂಗಡಿಯಲ್ಲಿ ಮದ್ದಿಲ್ಲ. ಇನ್ನೊಂದು ಅಂಗಡಿಯಲ್ಲಿದೆ, ಆದರೆ ಚೀಟಿ ಅಲ್ಲಿಲ್ಲ. ಹಳೆಯದನ್ನು ರದ್ದು ಮಾಡಿಸಿ ಹೊಸದು ಕಳಿಸಿ ಎಂದು ಮತ್ತೆ ವೈದ್ಯರ ಹಿಂದೆ ಬೀಳಬೇಕಿತ್ತು. 2023ರ ಆಗಸ್ಟ್ 28ರಿಂದ ಜಾರಿಗೆ ಬಂದ ನಿಯಮ ಇದಕ್ಕೊಂದು ದಾರಿ ಮಾಡಿತು. ಇನ್ನೂ ಮದ್ದು ಪಡೆಯದ ವಿದ್ಯುನ್ಮಾನ ಚೀಟಿಯನ್ನು, ಎರಡನೆಯ ಪಟ್ಟಿಯದನ್ನೂ ಸೇರಿಸಿ, ರೋಗಿ ಕೇಳಿದರೆ ಬೇರೆ ಅಂಗಡಿಗೆ ವರ್ಗಾಯಿಸಬಹುದು. ವರ್ಗಾವಣೆ ಇಬ್ಬರು ಲೈಸೆನ್ಸ್ ಪಡೆದ ಫಾರ್ಮಸಿಸ್ಟರ ನಡುವೆಯೇ ನಡೆಯಬೇಕು, ಚೀಟಿಯ ಒಂದಕ್ಷರವೂ ಬದಲಾಗಬಾರದು, ಆ ರಾಜ್ಯದ ಕಾನೂನು ಒಪ್ಪಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇದು ಒಂದೇ ಸಲ. ಎರಡನೆಯ ಅಂಗಡಿಯಲ್ಲೂ ಸ್ಟಾಕ್ ಇಲ್ಲವೆಂದಾದರೆ ಮೂರನೆಯದಕ್ಕೆ ಹೋಗಲಾರದು. ಆದ್ದರಿಂದ ಮೊದಲು ಎರಡನೆಯ ಅಂಗಡಿಗೆ ಫೋನು ಮಾಡಿ, ಮದ್ದು ಇದೆ, ಎತ್ತಿಡುತ್ತೇವೆ ಎನ್ನಿಸಿಕೊಂಡು, ಆಮೇಲೆ ವರ್ಗಾವಣೆ ಕೇಳಿ. ಸ್ವಲ್ಪವೇ ಇದೆ ಎಂದು ಅಂಗಡಿಯವರು ಎರಡನೆಯ ಪಟ್ಟಿಯ ಮದ್ದನ್ನು ಭಾಗಶಃ ಕೊಟ್ಟರೆ ಉಳಿದದ್ದನ್ನು 72 ಗಂಟೆಯೊಳಗೆ ಕೊಡಬೇಕು. ಆ ಗಡುವು ದಾಟಿದರೆ ಮತ್ತೆ ಹೊಸ ಚೀಟಿ.

ರಜೆಗೆ ಊರಿಗೆ ಬರುವವರು ನೆನಪಿಡಬೇಕಾದದ್ದು, ಅಲ್ಲಿನ ವೈದ್ಯರ ಚೀಟಿ ಇಲ್ಲಿನ ಮೆಡಿಕಲ್ ಶಾಪಿನಲ್ಲಿ ನಡೆಯುವುದಿಲ್ಲ. ಬೇಕಾದಷ್ಟನ್ನು ಮೂಲ ಡಬ್ಬಿಯಲ್ಲೇ, ಹೆಸರಿನ ಚೀಟಿ ಕೀಳದೆ ತನ್ನಿ, ಇಲ್ಲವೇ ಇಲ್ಲಿನ ವೈದ್ಯರೊಬ್ಬರನ್ನು ಕಾಣಿ.

ಗಲ್ಫ್ ದೇಶಗಳ ವಿಷಯದಲ್ಲಿ ಇನ್ನೂ ಬಿಗಿ ಎಚ್ಚರ ಬೇಕು. ಕರಾವಳಿಯ ಮನೆಮನೆಯಿಂದ ಅಲ್ಲಿಗೆ ಹೋಗಿಬರುವವರಿದ್ದಾರೆ. ಟ್ರಮಡಾಲ್, ಕೊಡೀನ್, ಆಲ್‌ಪ್ರಜೋಲಾಮ್‌ನಂಥವು ಯುಎಇಯಲ್ಲಿ ನಿಯಂತ್ರಿತ ಮದ್ದುಗಳು. ಸ್ವಂತ ಬಳಕೆಗೆ ಒಯ್ಯುವುದಕ್ಕೂ ಅಲ್ಲಿನ ಸರ್ಕಾರದ ಆನ್‌ಲೈನ್ ಅನುಮತಿಯನ್ನು ಹೊರಡುವ ಮೊದಲೇ ಪಡೆಯಬೇಕು. ಇಲ್ಲಿ ಕೆಮ್ಮಿನ ಸಿರಪ್ಪಿನಲ್ಲಿರುವ ಕೊಡೀನ್ ಅಲ್ಲಿ ನಿಮ್ಮನ್ನು ಪೊಲೀಸರ ಮುಂದೆ ನಿಲ್ಲಿಸಬಲ್ಲದು. ‘ನಮ್ಮ ತಮ್ಮನಿಗೆ ಸ್ವಲ್ಪ ಮಾತ್ರೆ ಇದೆ, ಒಯ್ದು ಕೊಡಿ’ ಎಂದು ನೆರೆಯವರು ಪೊಟ್ಟಣ ಕೊಟ್ಟರೆ, ಸಂಬಂಧ ಕೆಟ್ಟರೂ ಸರಿ, ಬೇಡ ಎನ್ನಿ.

ನೋವಿನ ಮಾತ್ರೆ ಅಪರಾಧವಲ್ಲ

ಇಷ್ಟೆಲ್ಲ ಬಿಗಿ ನಿಯಮಗಳ ನಡುವೆ ಅತಿ ಹೆಚ್ಚು ನಲುಗಿದವರು ಕ್ಯಾನ್ಸರಿನ ಕೊನೆಯ ಹಂತದ ನೋವಿನಲ್ಲಿರುವವರು. ಕಾನೂನುಬದ್ಧವಾಗಿ ಅಫೀಮು ಬೆಳೆಯುವ ಕೆಲವೇ ದೇಶಗಳಲ್ಲಿ ನಮ್ಮದೊಂದು. ಮಧ್ಯಪ್ರದೇಶದ ನೀಮಚ್ ಮತ್ತು ಉತ್ತರಪ್ರದೇಶದ ಗಾಜಿಪುರಗಳಲ್ಲಿ ಸರ್ಕಾರದ ಕಾರ್ಖಾನೆಗಳೇ ಇವೆ. ಹೀಗಿದ್ದೂ 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ದೇಶದಲ್ಲಿ ಚಿಕಿತ್ಸೆಗೆ ಬಳಕೆಯಾಗುತ್ತಿದ್ದ ಮಾರ್ಫಿನ್ 97 ಪ್ರತಿಶತದಷ್ಟು ಕುಸಿದು, 1997ರಲ್ಲಿ ವರ್ಷಕ್ಕೆ 18 ಕೆ.ಜಿ.ಗೆ ಇಳಿಯಿತು. ಕಾಯ್ದೆ ವೈದ್ಯಕೀಯ ಬಳಕೆಯನ್ನು ನಿಷೇಧಿಸಿರಲೇ ಇಲ್ಲ. ಆದರೆ ಒಂದು ಆಸ್ಪತ್ರೆ ಅದನ್ನು ತರಿಸಲು ಹಲವು ಇಲಾಖೆಗಳಿಂದ ಹಲವು ಲೈಸೆನ್ಸ್ ಪಡೆಯಬೇಕಿತ್ತು. ಒಂದು ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುತ್ತಿತ್ತು. ಲೆಕ್ಕ ತಪ್ಪಿದರೆ ಜೈಲು ಎಂಬ ಭಯಕ್ಕೆ ಆಸ್ಪತ್ರೆಗಳು ಇಡುವುದನ್ನೇ ಬಿಟ್ಟವು. ನೋವಿನಿಂದ ಕಿರುಚುವವರಿಗೆ ‘ಸಹಿಸಿಕೊಳ್ಳಿ’ ಎನ್ನುವುದೇ ಚಿಕಿತ್ಸೆಯಾಯಿತು. ಕೇರಳದ ನೋವು ನಿವಾರಣಾ ವೈದ್ಯ ಡಾ. ಎಂ.ಆರ್. ರಾಜಗೋಪಾಲ್ ಅವರಂಥವರು ವರ್ಷಗಟ್ಟಲೆ ಹೋರಾಡಿದ ಮೇಲೆ 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು.

ಈಗಿನ ನಿಯಮ ಹೀಗಿದೆ. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಕೊಡೀನ್, ಆಕ್ಸಿಕೊಡೋನ್, ಹೈಡ್ರೊಕೊಡೋನ್ ಈ ಆರು ‘ಅತ್ಯಗತ್ಯ ಮಾದಕ ಔಷಧಗಳು’. ಇವನ್ನು ಇಡಲು ಆಸ್ಪತ್ರೆಗೆ ಮಾನ್ಯತೆ ಕೊಡುವುದು ರಾಜ್ಯದ ಔಷಧ ನಿಯಂತ್ರಕರೊಬ್ಬರೇ. ಅಂಥ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ನೋವು ನಿವಾರಣೆ ಮತ್ತು ಉಪಶಾಮಕ ಆರೈಕೆಯಲ್ಲಿ (ಪ್ಯಾಲಿಯೇಟಿವ್ ಕೇರ್) ತರಬೇತಿ ಪಡೆದ ವೈದ್ಯರಿರಬೇಕು. ಬೆಂಗಳೂರಿನಲ್ಲಿ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗಳಿವೆ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುವ ಕರುಣಾಶ್ರಯವಿದೆ. ಮೂಲೆಯ ಮೆಡಿಕಲ್ ಶಾಪಿನಲ್ಲಿ ಮಾರ್ಫಿನ್ ಹುಡುಕಿ ಅಲೆಯಬೇಡಿ. ಚಿಕಿತ್ಸೆ ನಡೆಯುತ್ತಿರುವ ಆಸ್ಪತ್ರೆಯಲ್ಲಿ “ಇಲ್ಲಿ ಪ್ಯಾಲಿಯೇಟಿವ್ ಕೇರ್ ವಿಭಾಗ ಇದೆಯಾ? ಇಲ್ಲದಿದ್ದರೆ ಎಲ್ಲಿಗೆ ಬರೆದುಕೊಡ್ತೀರಿ?” ಎಂದು ನೇರವಾಗಿ ಕೇಳಿ. ‘ಅಪ್ಪನಿಗೆ ಅಫೀಮಿನ ಮಾತ್ರೆ ಕೊಟ್ಟರೆ ಚಟ ಹತ್ತೀತು’ ಎಂದು ಮನೆಯವರೇ ಹಿಂದೆ ಸರಿಯುವುದುಂಟು. ನೋವಿನ ಅಳತೆಗೆ ತಕ್ಕಂತೆ, ವೈದ್ಯರ ನಿಗಾದಲ್ಲಿ ಕೊಡುವ ಮಾರ್ಫಿನ್ ಬಗ್ಗೆ ಆ ಹೆದರಿಕೆ ಬೇಡ. ಮಲಬದ್ಧತೆ ಮಾತ್ರ ಖಂಡಿತ ಕಾಡುತ್ತದೆ. ಜೊತೆಗೆ ಬರೆದ ಭೇದಿ ಮದ್ದನ್ನು ತಪ್ಪಿಸಬೇಡಿ.

ಮನೆಗೆ ಒಯ್ದ ಮಾರ್ಫಿನ್ ಇಟ್ಟುಕೊಳ್ಳುವುದು ತಪ್ಪಲ್ಲ. ರೋಗಿಗೆಂದು ಒಮ್ಮೆಗೆ ಕೊಟ್ಟಷ್ಟನ್ನು ಇಟ್ಟುಕೊಳ್ಳಲು ನಿಯಮವೇ ಅವಕಾಶ ಕೊಟ್ಟಿದೆ. ಆದರೆ ಮಾತ್ರೆಗಳನ್ನು ಬೇರೆ ಡಬ್ಬಿಗೆ ಸುರಿಯಬೇಡಿ. ಚೀಟಿ, ಬಿಲ್ಲು ಅಥವಾ ಆಸ್ಪತ್ರೆಯ ಪುಸ್ತಕ ಅದರ ಜೊತೆಗೇ ಒಂದು ಚೀಲದಲ್ಲಿರಲಿ, ಬಸ್ಸಿನಲ್ಲಿ ಊರಿಗೆ ಒಯ್ಯುವಾಗಲಂತೂ ಖಂಡಿತ. ರೋಗಿಯನ್ನು ಬೆಂಗಳೂರಿನಿಂದ ವಿಜಯಪುರದ ಹಳ್ಳಿಗೆ ಕರೆದೊಯ್ಯುತ್ತಿದ್ದರೆ ಬಿಡುಗಡೆಯ ದಿನವೇ ಪತ್ರ ಬರೆಸಿಕೊಳ್ಳಿ: ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೊಮ್ಮೆ, ಕೊನೆಯ ಸಲ ಯಾವತ್ತು ಎಷ್ಟು ಕೊಟ್ಟಿದೆ. ಊರಿಗೆ ಹತ್ತಿರದ ಮಾನ್ಯತೆ ಪಡೆದ ಸಂಸ್ಥೆ ಯಾವುದೆಂದು ಅಲ್ಲೇ ಕೇಳಿ ತಿಳಿದು, ಮಾತ್ರೆ ಇನ್ನೂ ಉಳಿದಿರುವಾಗಲೇ ಅಲ್ಲಿ ಹೆಸರು ನೋಂದಾಯಿಸಿ. ಮುಗಿದ ಮೇಲೆ ಹುಡುಕತೊಡಗಿದರೆ ಆ ಎರಡು ಮೂರು ದಿನದ ನೋವನ್ನು ರೋಗಿಯೇ ತಿನ್ನಬೇಕು.

ರೋಗಿ ತೀರಿಕೊಂಡ ಮೇಲೆ, ಅಥವಾ ಮದ್ದು ಬದಲಾದಾಗ, ಉಳಿದ ಮಾತ್ರೆಗಳು ಮನೆಯಲ್ಲೇ ಉಳಿಯುತ್ತವೆ. ಇನ್ನೊಬ್ಬರ ಬೆನ್ನುನೋವಿಗೆ ಎಂದು ಕೊಡಬೇಡಿ. ಅಭ್ಯಾಸವಿಲ್ಲದವರ ಉಸಿರನ್ನೇ ಅದು ನಿಲ್ಲಿಸಬಲ್ಲದು. ಕೊಟ್ಟ ಸಂಸ್ಥೆಗೆ ಒಯ್ದು, ಹಿಂದಕ್ಕೆ ತೆಗೆದುಕೊಳ್ಳುತ್ತೀರಾ ಎಂದು ಮೊದಲು ವಿಚಾರಿಸಿ. ಅದಾಗದಿದ್ದರೆ, ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ 2025ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 17 ಮದ್ದುಗಳ ಪಟ್ಟಿಯಿದೆ. ಬೇರೆ ಮದ್ದುಗಳನ್ನು ಶೌಚಾಲಯಕ್ಕೆ ಸುರಿಯಬಾರದಾದರೂ, ಬೇರೆಯವರ ಕೈಗೆ ಸಿಕ್ಕರೆ ಒಂದೇ ಗುಳಿಗೆಯಿಂದಲೂ ಅಪಾಯವಾಗಬಹುದಾದ ಈ 17ನ್ನು ಶೌಚಾಲಯಕ್ಕೆ ಹಾಕಿ ನೀರು ಬಿಡಿ ಎನ್ನುತ್ತದೆ ಅದು. ಮಾರ್ಫಿನ್, ಫೆಂಟನಿಲ್, ಟ್ರಮಡಾಲ್, ಟಪೆಂಟಡಾಲ್, ಡಯಾಜಪಾಮ್, ಮಿಥೈಲ್‌ಫೆನಿಡೇಟ್ ಆ ಪಟ್ಟಿಯಲ್ಲಿವೆ. ಸ್ಟ್ರಿಪ್ಪಿನಿಂದ ಬಿಡಿಸಿ ಹಾಕಿ, ಖಾಲಿ ಹಾಳೆಯನ್ನು ಕಸಕ್ಕೆ ಕೊಡಿ.